ಒಂದು ಟಿಎಂಸಿಯಲ್ಲಿ ನಾನೂರು ಗ್ರಾಂ

ಟಿಎಂಸಿ ಎಂಬ ಅಳತೆಯನ್ನು ಕೇಳದೆ ಕಲಬುರಗಿ ಸೀಮೆಯಲ್ಲಿ ಬೆಳೆದವರು ಇರಲಾರರು. ಆಲಮಟ್ಟಿಗೆ ಎಷ್ಟು ಬಂತು, ನಾರಾಯಣಪುರದಿಂದ ಎಷ್ಟು ಬಿಟ್ಟರು, ಬೆಣ್ಣೆತೊರೆಯಲ್ಲಿ ಎಷ್ಟು ಉಳಿಯಿತು ಎಂಬುದು ಪ್ರತಿ ಮಳೆಗಾಲದ ಮಾತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಲೀಟರಿನಲ್ಲಿ ಹೇಳುವುದಾದರೆ ಸುಮಾರು 2,831 ಕೋಟಿ. ಅಷ್ಟು ನೀರಿಗೆ ಯಾವುದೋ ಒಂದು ಪದಾರ್ಥವನ್ನು 400 ಗ್ರಾಂ ಹಾಕಿ, ಎಲ್ಲ ಕಡೆಗೂ ಸಮನಾಗಿ ಬೆರೆಯುವಂತೆ ಕಲಕಿ, ಅದರಿಂದ ಒಂದೆರಡು ಎಂ.ಎಲ್. ನೀರನ್ನು ಸಿರಿಂಜಿಗೆ ಎಳೆದುಕೊಂಡೆವು ಎನ್ನಿ. ಆ ಹನಿಗಳಲ್ಲಿ ನಾವು ಹಾಕಿದ್ದು ಇದೆಯೋ ಇಲ್ಲವೋ, ಇದ್ದರೆ ಎಷ್ಟಿದೆ ಎಂದು ಹೇಳಬಲ್ಲ ಯಂತ್ರಗಳು ಈಗ ದೊಡ್ಡ ಆಸ್ಪತ್ರೆಗಳ ಲ್ಯಾಬಿನಲ್ಲಿ ಮೇಜಿನ ಮೇಲೆ ಕೂತಿವೆ. ಅವು ಹುಡುಕುವ ಪದಾರ್ಥ ಟ್ರೋಪೋನಿನ್. ಅತಿ ಸೂಕ್ಷ್ಮ ಟ್ರೋಪೋನಿನ್-ಟಿ ಪರೀಕ್ಷೆಯಲ್ಲಿ ಆರೋಗ್ಯವಂತರಿಗೆ ಇಟ್ಟಿರುವ ಮೇಲಿನ ಗೆರೆ ಲೀಟರಿಗೆ 14 ನ್ಯಾನೋಗ್ರಾಂ. ಇದನ್ನೇ ಟಿಎಂಸಿಗೆ ಏರಿಸಿದರೆ 400 ಗ್ರಾಂ ಆಗುತ್ತದೆ. ಅದಕ್ಕಿಂತ ಹೆಚ್ಚು ಕಂಡರೆ ಹೃದಯದ ಮಾಂಸಕ್ಕೆ ಪೆಟ್ಟು ಬಿದ್ದಿದೆ ಎಂದು ಅರ್ಥ.

ಟ್ರೋಪೋನಿನ್ ಹೇಳುವುದು ಹೃದಯದ ಸ್ನಾಯುವಿನ ಕಥೆ. ಆದರೆ ಹೃದಯಾಘಾತ ಶುರುವಾಗುವುದು ಸ್ನಾಯುವಿನಲ್ಲಿ ಅಲ್ಲ. ಮೂರು-ನಾಲ್ಕು ಮಿಲಿಮೀಟರ್ ಅಗಲದ ಒಂದು ರಕ್ತನಾಳದ ಒಳಗೋಡೆಯಲ್ಲಿ ಅದು ಶುರುವಾಗುತ್ತದೆ. ಅಲ್ಲಿನ ಕೊಬ್ಬಿನ ಗಂಟು ಒಡೆಯುತ್ತದೆ, ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ನಾಳ ಮುಚ್ಚುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ನಾಳ ತೆರೆದ ಮೇಲೆ ಮನೆಯವರು "ಬ್ಲಾಕ್ ಹೋಯ್ತು" ಎಂದು ನಿಟ್ಟುಸಿರು ಬಿಡುತ್ತಾರೆ. ಬಿಡಲೇಬೇಕು, ಅದು ನಿಜವಾಗಿಯೂ ದೊಡ್ಡ ಗೆಲುವು. ಆದರೆ ಆ ಗೋಡೆಯ ಗತಿ ಏನಾಯಿತು? ಮುಚ್ಚಿದಾಗ ಅದಕ್ಕೆ ಎಷ್ಟು ಪೆಟ್ಟಾಯಿತು, ತೆರೆದು ರಕ್ತ ಮತ್ತೆ ನುಗ್ಗಿದಾಗ ಇನ್ನೆಷ್ಟಾಯಿತು? ಎದೆ ಸೀಳಿ ನೋಡದೆಯೇ ಇದಕ್ಕೆ ಉತ್ತರ ಕೊಡಬಲ್ಲ ಸಾಕ್ಷಿಗಳು ರಕ್ತದಲ್ಲೇ ತೇಲುತ್ತಿವೆ. ಅವನ್ನು ಅದೇ ಟಿಎಂಸಿಯಲ್ಲಿ ತೂಗಿ ನೋಡಿ.

ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಪ್ರೋಟೀನ್ ಎಲ್ಲರ ರಕ್ತದಲ್ಲೂ ಎಂ.ಎಲ್.ಗೆ ಸುಮಾರು 10 ಮೈಕ್ರೋಗ್ರಾಂ ಇರುತ್ತದೆ. ಟಿಎಂಸಿ ಲೆಕ್ಕದಲ್ಲಿ ಅದು 283 ಟನ್. ರಕ್ತನಾಳದ ಗೋಡೆಯಿಂದ ಕಿತ್ತು ಬಂದ ಥ್ರಾಂಬೋಮಾಡ್ಯುಲಿನ್ ಎಂ.ಎಲ್.ಗೆ ಕೆಲವೇ ನ್ಯಾನೋಗ್ರಾಂ. ಐದು ಎಂದಿಟ್ಟುಕೊಂಡರೆ 140 ಕಿಲೋ. ನಾಳವನ್ನು ಬಿಗಿಯಾಗಿ ಹಿಸುಕುವ ಎಂಡೋಥೀಲಿನ್ ಎಂ.ಎಲ್.ಗೆ ಒಂದೆರಡು ಪಿಕೋಗ್ರಾಂ, ಅಂದರೆ ಒಂದು ಟಿಎಂಸಿಗೆ 30ರಿಂದ 60 ಗ್ರಾಂ. ಮೂರೂ ಒಂದೇ ಗೋಡೆಯಿಂದ ಹೊರಬಂದವು. ಒಂದನ್ನು ಲಾರಿಗಟ್ಟಲೆ ತುಂಬಬೇಕು, ಇನ್ನೊಂದು ಅಂಗೈಯಲ್ಲಿ ಹಿಡಿಯುವಷ್ಟು. ಎರಡನ್ನೂ ಒಂದೇ ಸಿರಿಂಜಿನ ರಕ್ತದಲ್ಲಿ ಅಳೆಯುತ್ತಾರೆ ಎಂಬುದನ್ನು ಎಷ್ಟು ಸಲ ಯೋಚಿಸಿದರೂ ನನಗೆ ಅಚ್ಚರಿ ಕಡಿಮೆಯಾಗುವುದಿಲ್ಲ.

ಗೋಡೆ ಎಂದೆ. ಅದಕ್ಕೆ ವೈದ್ಯರು ಇಟ್ಟ ಹೆಸರು ಎಂಡೋಥೀಲಿಯಂ. ಹೃದಯದಿಂದ ಹೊರಡುವ ಹೆಬ್ಬೆರಳು ಗಾತ್ರದ ಮಹಾಪಧಮನಿಯಿಂದ ಹಿಡಿದು, ಕೆಂಪು ರಕ್ತಕಣವೊಂದು ಮೈ ಮಡಿಸಿಕೊಂಡು ನುಸುಳುವ ಲೋಮನಾಳದವರೆಗೆ ಎಲ್ಲ ನಾಳಗಳ ಒಳಮೈಗೂ ಒಂದೇ ಒಂದು ಸಾಲು ಜೀವಕೋಶಗಳ ಹೊದಿಕೆ. ಲೋಮನಾಳಗಳಲ್ಲಿ ಆ ಹೊದಿಕೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. 2016ರಲ್ಲಿ ಪ್ರಕಟವಾದ ಒಂದು ಎಣಿಕೆಯ ಪ್ರಕಾರ ಒಬ್ಬ ಮನುಷ್ಯನ ದೇಹದಲ್ಲಿ ಇಂಥ ಕೋಶಗಳು ಸುಮಾರು 60,000 ಕೋಟಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ರಕ್ತನಾಳಗಳನ್ನೆಲ್ಲ ಬಿಡಿಸಿ ಉದ್ದಕ್ಕೆ ಜೋಡಿಸಿದರೆ ಲಕ್ಷ ಕಿಲೋಮೀಟರ್ ಆಗುತ್ತದೆ, ಭೂಮಿಯನ್ನು ಎರಡೂವರೆ ಸುತ್ತು ಬರುತ್ತದೆ ಎಂದು ಶಾಲೆಯಿಂದಲೂ ಓದುತ್ತ ಬಂದಿದ್ದೇವೆ. ಆ ಸಂಖ್ಯೆಯ ಮೂಲ ಡೆನ್ಮಾರ್ಕಿನ ಆಗಸ್ಟ್ ಕ್ರೋ. ಲೋಮನಾಳಗಳ ಮೇಲಿನ ಕೆಲಸಕ್ಕೆ 1920ರ ನೊಬೆಲ್ ಪಡೆದವರು ಅವರು. ಅವರು ಲೆಕ್ಕಕ್ಕೆ ಹಿಡಿದ ಮನುಷ್ಯನಿಗೆ ಬರೀ ಸ್ನಾಯುವೇ 50 ಕಿಲೋ ಇತ್ತು, ಒಂದು ಚದರ ಮಿಲಿಮೀಟರಿಗೆ 2,000 ಲೋಮನಾಳಗಳಿದ್ದವು. ಅಂಥ ಮೈಕಟ್ಟಿನವರು ಎಷ್ಟು ಜನ ಸಿಗುತ್ತಾರೆ? ಈಚಿನ ಎಚ್ಚರದ ಅಂದಾಜುಗಳು 9,000ದಿಂದ 19,000 ಕಿಲೋಮೀಟರ್ ಎನ್ನುತ್ತವೆ. ದೊಡ್ಡ ಸಂಖ್ಯೆಯ ಆಸೆಗೆ ಬಿದ್ದು ನಿಜವನ್ನು ಉಬ್ಬಿಸಬೇಕಾದ ಅಗತ್ಯವೇ ಇಲ್ಲ. ಒಂಬತ್ತು ಸಾವಿರ ಕಿಲೋಮೀಟರ್ ಉದ್ದದ ಕೊಳವೆ, ಒಳಮೈಗೆಲ್ಲ ಒಂದೇ ಕೋಶದ ಹೊದಿಕೆ, ಅದರೊಳಗೆ ಐದು ಲೀಟರ್ ರಕ್ತ ಆರು-ಏಳು ದಶಕ ಹೆಪ್ಪುಗಟ್ಟದೆ ಹರಿಯುತ್ತಿರುವುದು. ಹೃದಯಾಘಾತ ಯಾಕಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಇಷ್ಟು ವರ್ಷ ಯಾಕೆ ಆಗಲಿಲ್ಲ ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ಈ ಹೊದಿಕೆ.

ಆ ಹೊದಿಕೆ ಕೈಕೊಟ್ಟ ದಿನ ನಮ್ಮ ಊರುಗಳಲ್ಲಿ ಆಗುವುದನ್ನು ನೋಡಿ. ಶರಣಸಿರಸಗಿ ಕಲಬುರಗಿ ನಗರದ ಮಗ್ಗುಲಲ್ಲೇ ಇರುವ ಊರು. ಕೆಂಪು ಬಾಳೆಗೆ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಕಮಲಾಪುರ ಹುಮನಾಬಾದ್ ದಾರಿಯಲ್ಲಿ ಮೂವತ್ತು-ನಲವತ್ತು ಕಿಲೋಮೀಟರ್ ಆಚೆಗೆ. ಎರಡೂ ಕಡೆ ಎದೆನೋವು ಬಂದಾಗ ಮೊದಲು ಕೇಳುವ ಮಾತು ಮಾತ್ರ ಒಂದೇ: "ಏನಿಲ್ಲ ಬಿಡ್ರಿ, ಗ್ಯಾಸ್ ಆಗಿರ್ಬೇಕು. ಒಂದ್ ಸೋಡಾ ಕುಡೀರಿ, ಇಳೀತದ." ಎಡಗೈ ಜೋಮು ಹಿಡಿದಿದ್ದರೆ ರಾತ್ರಿ ಅಡ್ಡಾದಿಡ್ಡಿ ಮಲಗಿದ್ದಕ್ಕೆ ಎನ್ನುತ್ತಾರೆ. ಬೆವರು ಕಿತ್ತು ಬಂದರೆ ನಮ್ಮ ಬಿಸಿಲು ಆ ಆರೋಪ ಹೊತ್ತುಕೊಳ್ಳುತ್ತದೆ. ಹೀಗೆ ಅರ್ಧ ಗಂಟೆ ಹೋಗುತ್ತದೆ.

ಆ ಅರ್ಧ ಗಂಟೆಯ ಬೆಲೆಯನ್ನು ಲೆಕ್ಕ ಹಾಕಬಹುದು. ಹೃದಯದ ಎಡ ಕುಹರದಲ್ಲಿ 200ರಿಂದ 400 ಕೋಟಿ ಸ್ನಾಯುಕೋಶಗಳಿವೆ. ದೊಡ್ಡ ಹೃದಯಾಘಾತದಲ್ಲಿ ಕೆಲವೇ ಗಂಟೆಗಳಲ್ಲಿ ನೂರು ಕೋಟಿಯಷ್ಟು ಸಾಯುತ್ತವೆ. ಆರು ಗಂಟೆಗೆ ಸರಾಸರಿ ಹಂಚಿದರೆ ನಿಮಿಷಕ್ಕೆ 28 ಲಕ್ಷ. ಸೋಡಾ ಕುಡಿದು ನೋಡೋಣ ಎಂದು ಕೂತ ಅರ್ಧ ಗಂಟೆಯಲ್ಲಿ ಎಂಟು ಕೋಟಿಗೂ ಮಿಕ್ಕಿ. ನಿಜದಲ್ಲಿ ಸಾವು ಹೀಗೆ ಸಮನಾಗಿ ಹಂಚಿಕೊಂಡು ಬರುವುದಿಲ್ಲ, ಮೊದಲ ಗಂಟೆಗಳಲ್ಲೇ ಹೆಚ್ಚು. ಅಮೆರಿಕದ ರೈಮರ್ ಮತ್ತು ಜೆನ್ನಿಂಗ್ಸ್ 1977ರಲ್ಲಿ ನಾಯಿಗಳ ಹೃದಯದಲ್ಲಿ ಇದನ್ನು ಅಳೆದು ತೋರಿಸಿದರು. ನಾಳವನ್ನು 40 ನಿಮಿಷ ಕಟ್ಟಿ ಬಿಟ್ಟರೆ ಅದರ ಪಾಲಿನ ಸ್ನಾಯುವಿನಲ್ಲಿ ಶೇ. 38ರಷ್ಟು ಸತ್ತಿತ್ತು. 3 ಗಂಟೆಗೆ ಶೇ. 57. 6 ಗಂಟೆಗೆ ಶೇ. 71. ಕೋಶಗಳು ಒಳಗಿನಿಂದ ಹೊರಗೆ, ಅಲೆ ಬಂದಂತೆ, ಸಾಯುತ್ತ ಹೋಗುತ್ತವೆ ಎಂದು ಅವರು ಕಂಡುಕೊಂಡರು. ಆ ಅಲೆ ನಿಲ್ಲಬೇಕಾದರೆ ನಾಳ ತೆರೆಯಬೇಕು.

ನಳಿಕೆ ತೂರಿಸಿ ಬ್ಲಾಕ್ ತೆಗೆಯುವ ಕ್ಯಾಥ್‌ಲ್ಯಾಬ್ ಹಳ್ಳಿಯಿಂದ ದೂರ ಇರುವಲ್ಲಿ ನಾಳ ತೆರೆಯುವ ದಾರಿ ಇಂಜೆಕ್ಷನ್. ಈಗ ಹೆಚ್ಚಾಗಿ ಕೊಡುವುದು ಟೆನೆಕ್ಟೆಪ್ಲೇಸ್. ಚಿಕ್ಕ ಗಾಜಿನ ಶೀಸೆಯಲ್ಲಿ ಬಿಳಿ ಪುಡಿ, ಜೊತೆಗೆ ಬೆರೆಸಲು ಶುದ್ಧ ನೀರು. ನೀರು ಹಾಕಿ ಕುಲುಕಬಾರದು, ನೊರೆ ಬರುತ್ತದೆ. ಶೀಸೆಯನ್ನು ಬೆರಳುಗಳ ನಡುವೆ ಹಿಡಿದು ನಿಧಾನ ತಿರುಗಿಸಬೇಕು. ಅಷ್ಟರಲ್ಲಿ ರೋಗಿಯ ತೂಕ ಕೇಳಿರಬೇಕು, ಯಾಕೆಂದರೆ 60 ಕಿಲೋಗಿಂತ ಕಡಿಮೆ ಇದ್ದವರಿಗೆ 30 ಮಿಲಿಗ್ರಾಂ, 90 ದಾಟಿದವರಿಗೆ 50, ನಡುವಿನವರಿಗೆ ಐದೈದು ಮಿಲಿಗ್ರಾಂ ಮೆಟ್ಟಿಲು. ಡೆಕ್ಸ್ಟ್ರೋಸ್ ಸಲೈನ್ ಹೋಗುತ್ತಿರುವ ನಳಿಕೆಗೆ ಹಾಕುವಂತಿಲ್ಲ. ಔಷಧ ಅಲ್ಲೇ ಒಡೆದು ಗಟ್ಟಿಯಾಗುತ್ತದೆ. ಉಪ್ಪಿನ ಸಲೈನಿನಿಂದ ನಳಿಕೆ ತೊಳೆದು, 75 ಕಿಲೋ ತೂಕದವರಾದರೆ 40 ಮಿಲಿಗ್ರಾಂ, ಎಂಟು ಎಂ.ಎಲ್., ಐದರಿಂದ ಹತ್ತು ಸೆಕೆಂಡಿನಲ್ಲಿ ಒಳಗೆ. ಅಷ್ಟೇ. ಎಲ್ಲ ಮುಗಿಯಿತು.

ಆ ಎಂಟು ಎಂ.ಎಲ್.ನಲ್ಲಿ ಎಷ್ಟು ಅಣುಗಳಿವೆ ಎಂದು ಲೆಕ್ಕ ಮಾಡಿದರೆ 37ರ ಮುಂದೆ 16 ಸೊನ್ನೆ ಬರುತ್ತದೆ. ದೇಹದ 60,000 ಕೋಟಿ ಎಂಡೋಥೀಲಿಯಲ್ ಕೋಶಗಳಿಗೆ ಹಂಚಿದರೆ ಒಂದೊಂದರ ಪಾಲಿಗೆ ಆರು ಲಕ್ಷ ಅಣುಗಳು. 527 ಅಮೈನೋ ಆಮ್ಲಗಳ ಸರಪಳಿ ಅದು. ಮನುಷ್ಯರ ರಕ್ತನಾಳವೇ ತಯಾರಿಸುವ ಹೆಪ್ಪುಕರಗಿಸುವ ಕಿಣ್ವವನ್ನು ಮಾದರಿಯಾಗಿಟ್ಟುಕೊಂಡು, ಆ 527ರಲ್ಲಿ ಬರೀ ಆರನ್ನು ಬದಲಿಸಿ ಮಾಡಿದ್ದು. ಮೂಲ ಔಷಧ ರಕ್ತದಲ್ಲಿ ಐದು ನಿಮಿಷಕ್ಕೆಲ್ಲ ಅರ್ಧವಾಗುತ್ತಿತ್ತು, ಗಂಟೆಗಟ್ಟಲೆ ಹನಿಹನಿಯಾಗಿ ಕೊಡಬೇಕಿತ್ತು. ಆರು ಅಮೈನೋ ಆಮ್ಲ ಬದಲಾದದ್ದರಿಂದ ಅದು ಇಪ್ಪತ್ತು ನಿಮಿಷ ದಾಟಿ ಉಳಿಯುತ್ತದೆ, ಅದಕ್ಕೇ ಒಂದೇ ಚುಚ್ಚು ಸಾಕು. ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಕೊಡಬಹುದಾದ ಔಷಧ ಇದಾದದ್ದು ಆ ಆರರ ದೆಸೆಯಿಂದ. 1999ರ ಅಸೆಂಟ್-2 ಪ್ರಯೋಗದಲ್ಲಿ 16,949 ರೋಗಿಗಳ ಮೇಲೆ ಹಳೆಯ ಔಷಧಕ್ಕೂ ಇದಕ್ಕೂ ಹೋಲಿಸಿ ನೋಡಿದಾಗ ಮೂವತ್ತು ದಿನದ ಸಾವು ಒಂದರಲ್ಲಿ ಶೇ. 6.15, ಇನ್ನೊಂದರಲ್ಲಿ ಶೇ. 6.18.

ಅದಕ್ಕೂ ಹಿಂದಿನ ಔಷಧ ಸ್ಟ್ರೆಪ್ಟೋಕೈನೇಸ್. ಗಂಟಲು ಬೇನೆ ತರುವ ಬ್ಯಾಕ್ಟೀರಿಯಾ ಹೆಪ್ಪನ್ನು ಕರಗಿಸುತ್ತದೆ ಎಂದು 1933ರಲ್ಲಿ ಟಿಲೆಟ್ ಮತ್ತು ಗಾರ್ನರ್ ಗಮನಿಸಿದ್ದರಿಂದ ಹುಟ್ಟಿದ್ದು. ಅದು ಹೃದಯಾಘಾತದಲ್ಲಿ ಜೀವ ಉಳಿಸುತ್ತದೆ ಎಂಬುದು ಎಲ್ಲರಿಗೂ ಒಪ್ಪಿಗೆಯಾಗಲು 1986 ಬರಬೇಕಾಯಿತು. ಆ ವರ್ಷ ಇಟಲಿಯ ಜಿಸ್ಸಿ ಪ್ರಯೋಗ 11,000ಕ್ಕೂ ಹೆಚ್ಚು ರೋಗಿಗಳಲ್ಲಿ 15 ಲಕ್ಷ ಯೂನಿಟ್ ಕೊಟ್ಟು ಸಾವು ಶೇ. 13ರಿಂದ 10.7ಕ್ಕೆ ಇಳಿದದ್ದನ್ನು ತೋರಿಸಿತು. ಎರಡು ವರ್ಷಕ್ಕೆ ಬಂದ ಐಸಿಸ್-2 ಇನ್ನೂ ಬೆರಗಿನದು. 417 ಆಸ್ಪತ್ರೆಗಳ 17,187 ರೋಗಿಗಳಲ್ಲಿ ಎರಡೂ ಔಷಧ ಸಿಗದವರ ಸಾವು ಶೇ. 13.2, ಸ್ಟ್ರೆಪ್ಟೋಕೈನೇಸ್ ಜೊತೆಗೆ ಆಸ್ಪಿರಿನ್ ಕೂಡ ಸಿಕ್ಕವರದ್ದು ಶೇ. 8. ಸಾವಿರಕ್ಕೆ 52 ಜೀವ. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಪುಣ್ಯ ಕೆಲವೇ ರೂಪಾಯಿಗೆ ಸಿಗುವ ಆಸ್ಪಿರಿನ್ ಗುಳಿಗೆಯದು.

ಆಸ್ಪಿರಿನ್ ಯಾಕೆ ಬೇಕಾಯಿತು ಎಂದು ಕೇಳಿದರೆ ಮತ್ತೆ ಗೋಡೆಗೇ ಬಂದು ನಿಲ್ಲುತ್ತೇವೆ. ಇಂಜೆಕ್ಷನ್ ಹೆಪ್ಪಿನ ಎಳೆಗಳನ್ನು ಕತ್ತರಿಸುತ್ತದೆ. ಕತ್ತರಿಸಿದಾಗ ಆ ಎಳೆಗಳ ನಡುವೆ ಸಿಕ್ಕಿಕೊಂಡಿದ್ದ ಥ್ರಾಂಬಿನ್ ಬಿಡುಗಡೆಯಾಗುತ್ತದೆ. ಥ್ರಾಂಬಿನ್ ಎಂದರೆ ಹೆಪ್ಪು ಕಟ್ಟಿಸುವ ಕಿಣ್ವವೇ. ಅಂದರೆ ಹೆಪ್ಪು ಕರಗುತ್ತಿರುವ ಅದೇ ಹೊತ್ತಿನಲ್ಲಿ, ಅದೇ ಜಾಗದಲ್ಲಿ, ಹೊಸ ಹೆಪ್ಪಿಗೆ ಬೇಕಾದ ಸಾಮಗ್ರಿಯೂ ಬಿಚ್ಚಿಕೊಳ್ಳುತ್ತದೆ. ಕೆಳಗೆ ಒಡೆದ ಗೋಡೆ ಹಾಗೇ ಇದೆ. ರಕ್ತದ ತಟ್ಟೆಕಣಗಳು ಅಂಟಿಕೊಳ್ಳಲು ಕಾದಿವೆ. ಇದಕ್ಕೇ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಹೆಪಾರಿನ್ ಎಲ್ಲ ಜೊತೆಗೆ ಕೊಡುವುದು.

ಗೋಡೆಗೆ ಆಗುವ ಪೆಟ್ಟಿನ ಮೊದಲ ಸ್ಪಷ್ಟ ಚಿತ್ರ ಸಿಕ್ಕಿದ್ದು 1974ರಲ್ಲಿ. ಕ್ಲೋನರ್, ಗಾನೋಟ್, ಜೆನ್ನಿಂಗ್ಸ್ ಎಂಬ ಮೂವರು ನಾಯಿಗಳ ಹೃದಯನಾಳವನ್ನು ಕಟ್ಟಿ ಬಿಡಿಸಿ ನೋಡಿದರು. 40 ನಿಮಿಷಕ್ಕೆ ಬಿಡಿಸಿದರೆ ರಕ್ತ ಎಲ್ಲ ಕಡೆ ಮತ್ತೆ ಹರಿಯಿತು. 90 ನಿಮಿಷಕ್ಕೆ ಬಿಡಿಸಿದಾಗ ದೊಡ್ಡ ನಾಳ ತೆರೆದಿದ್ದರೂ ಸ್ನಾಯುವಿನ ಒಳಭಾಗಕ್ಕೆ ರಕ್ತ ಹೋಗಲೇ ಇಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾರಣ ಕಂಡಿತು: ಸಣ್ಣ ನಾಳಗಳ ಹೊದಿಕೆಕೋಶಗಳು ಊದಿಕೊಂಡು, ಗುಳ್ಳೆ ಎದ್ದು, ದಾರಿಯನ್ನೇ ಮುಚ್ಚಿದ್ದವು. ಈ ಐವತ್ತು ನಿಮಿಷದ ಅಂತರ ನನ್ನ ತಲೆಯಿಂದ ಹೋಗುವುದಿಲ್ಲ. "ಮೊದಲ ಗಂಟೆ ಅಮೂಲ್ಯ" ಎಂದು ಗೋಡೆಗೋಡೆಯ ಮೇಲೆ ಬರೆದಿರುತ್ತಾರೆ, ನಾವು ಅದನ್ನು ಸ್ನಾಯುವಿನ ಮಾತೆಂದೇ ತಿಳಿದಿದ್ದೇವೆ. ಅದು ನಾಳದ ಮಾತೂ ಹೌದು. ತಡವಾದರೆ ಬಾಗಿಲು ತೆರೆದರೂ ಒಳಗಿನ ಓಣಿಗಳು ತೆರೆಯುವುದಿಲ್ಲ.

ಈಗ ಆ ಸಾಕ್ಷಿಗಳನ್ನು ಒಂದೊಂದಾಗಿ ಹತ್ತಿರದಿಂದ ನೋಡಬಹುದು. 283 ಟನ್ನಿನದು ಮೊದಲು. ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಬಳಿ 1924ರಲ್ಲಿ ಆಲಂಡ್ ದ್ವೀಪದ ಒಬ್ಬ ಬಾಲಕಿಯನ್ನು ಕರೆತಂದರು. ಗಾಯವಾದರೆ ರಕ್ತ ನಿಲ್ಲುತ್ತಿರಲಿಲ್ಲ. 1926ರಲ್ಲಿ ಅವರು ಆ ಕುಟುಂಬದ ಕಾಯಿಲೆಯನ್ನು ಬರೆದರು. ಆ ಮನೆಯವರಲ್ಲಿ ಕೊರತೆಯಿದ್ದ ಪ್ರೋಟೀನಿಗೇ ಮುಂದೆ ಅವರ ಹೆಸರು ಬಂತು. ಸಕ್ಕರೆ ಪರೀಕ್ಷೆಯಲ್ಲಿ ನಾವೆಲ್ಲ ಅಳೆಸಿಕೊಳ್ಳುವ ಗ್ಲೂಕೋಸಿನ ಅಣುತೂಕ 180. ವಾನ್ ವಿಲ್ಲೆಬ್ರಾಂಡ್ ಪ್ರೋಟೀನಿನ ಒಂದು ಕೊಂಡಿಯಲ್ಲೇ 2,050 ಅಮೈನೋ ಆಮ್ಲಗಳಿವೆ. ಅಂಥ ಕೊಂಡಿಗಳು ಸೇರಿ ಆದ ದೊಡ್ಡ ಸರಪಳಿಯ ಅಣುತೂಕ 2 ಕೋಟಿಯವರೆಗೆ ಹೋಗುತ್ತದೆ, ಗ್ಲೂಕೋಸಿನ ಲಕ್ಷ ಪಟ್ಟಿಗೂ ಹೆಚ್ಚು. ರಕ್ತದಲ್ಲಿ ಕರಗಿರುವ ಪ್ರೋಟೀನುಗಳಲ್ಲಿ ಇಷ್ಟು ದೊಡ್ಡದು ಇನ್ನೊಂದಿಲ್ಲ.

ಇದನ್ನು ಹೊದಿಕೆಕೋಶಗಳು ತಮ್ಮೊಳಗೆ ಸಣ್ಣ ಕಡ್ಡಿಯಾಕಾರದ ಚೀಲಗಳಲ್ಲಿ ಸುತ್ತಿ ಇಟ್ಟುಕೊಂಡಿರುತ್ತವೆ. 1964ರಲ್ಲಿ ವೈಬೆಲ್ ಮತ್ತು ಪಲಾಡೆ ಅವನ್ನು ಕಂಡು ವರ್ಣಿಸಿದಾಗ ಒಳಗಿರುವುದು ಏನೆಂದೇ ಗೊತ್ತಿರಲಿಲ್ಲ. ಕೋಶಕ್ಕೆ ಪೆಟ್ಟು ಬಿದ್ದ ಕೂಡಲೆ, ಅಥವಾ ಥ್ರಾಂಬಿನ್ ತಾಗಿದ ಕೂಡಲೆ, ಚೀಲ ಬಾಯಿ ತೆರೆದು ಸುರುಳಿ ಹೊರಗೆ ಬೀಳುತ್ತದೆ. ಹರಿಯುವ ರಕ್ತದ ಸೆಳೆತಕ್ಕೆ ಸುರುಳಿ ಬಿಚ್ಚಿಕೊಂಡು, ಹಲವು ಎಳೆ ಒಂದಕ್ಕೊಂದು ಹೆಣೆದು, ಗೋಡೆಗೆ ಒಂದು ತುದಿ ಕಚ್ಚಿಕೊಂಡ ದಾರವಾಗುತ್ತದೆ. ಪ್ರಯೋಗಾಲಯದಲ್ಲಿ ಒಂದು ಮಿಲಿಮೀಟರ್ ಉದ್ದದ ಇಂಥ ದಾರಗಳನ್ನು ಕಂಡಿದ್ದಾರೆ. ಅದನ್ನು ಹೊರಹಾಕಿದ ಕೋಶದ ಉದ್ದ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲೂ ಇರುವುದಿಲ್ಲ. ತಟ್ಟೆಕಣಗಳು ಬಂದು ಆ ದಾರಕ್ಕೆ ಸಾಲಾಗಿ ಅಂಟುತ್ತವೆ. ದಾರವನ್ನು ಕತ್ತರಿಸಲೆಂದೇ ರಕ್ತದಲ್ಲಿ ಇನ್ನೊಂದು ಕಿಣ್ವವಿದೆ, ಹೆಸರು ಆಡಮ್‌ಟಿಎಸ್-13. ಇಷ್ಟುದ್ದದ ಕೊಂಡಿಯಲ್ಲಿ ಅದು ಕತ್ತರಿಸುವುದು ಒಂದೇ ಒಂದು ಬೆಸುಗೆಯನ್ನು, 1,605 ಮತ್ತು 1,606ನೇ ಅಮೈನೋ ಆಮ್ಲಗಳ ನಡುವಿನದನ್ನು. ಬೇರೆಲ್ಲೂ ಮುಟ್ಟುವುದಿಲ್ಲ. ಹೃದಯಾಘಾತವಾದ ದಿನಗಳಲ್ಲಿ ವಾನ್ ವಿಲ್ಲೆಬ್ರಾಂಡ್ ಮಟ್ಟ ಏರುತ್ತದೆ, ಇಂಜೆಕ್ಷನ್ನಿನಿಂದ ನಾಳ ತೆರೆದ ಮೇಲೂ ತಕ್ಷಣ ಕೆಳಗಿಳಿಯುವುದಿಲ್ಲ. ಎದೆನೋವು ಹೋಗಿದೆ, ಈಸಿಜಿ ಸುಧಾರಿಸಿದೆ, ರೋಗಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದಾರೆ. ಗೋಡೆ ಮಾತ್ರ ಇನ್ನೂ ದಾರ ಬಿಡುತ್ತಿದೆ.

ಥ್ರಾಂಬೋಮಾಡ್ಯುಲಿನ್ ಸ್ವಭಾವ ಇದಕ್ಕೆ ಪೂರಾ ಬೇರೆ. ಅದು ಹೊದಿಕೆಕೋಶದ ಮೈಮೇಲೆ ನೆಟ್ಟಿರುವ ಪ್ರೋಟೀನ್. ಹೆಪ್ಪು ಕಟ್ಟಿಸಲು ಹೊರಟ ಥ್ರಾಂಬಿನ್ ಇದನ್ನು ತಾಗಿದರೆ ಅದರ ಬುದ್ಧಿಯೇ ತಿರುಗುತ್ತದೆ. ಹೆಪ್ಪು ತಡೆಯುವ ಪ್ರೋಟೀನ್-ಸಿ ಎಂಬುದನ್ನು ಸಾವಿರ ಪಟ್ಟು ವೇಗವಾಗಿ ಎಬ್ಬಿಸತೊಡಗುತ್ತದೆ. 1981ರಲ್ಲಿ ಇದನ್ನು ಗುರುತಿಸಿದವರು ಎಸ್ಮನ್ ಮತ್ತು ಓವನ್. ಕಟ್ಟಿಸುವವನನ್ನೇ ಕಾಯುವವನನ್ನಾಗಿ ಮಾಡುವ ಇಂಥ ಏರ್ಪಾಡು ನಮ್ಮ ಪ್ರತಿ ನಾಳದ ಒಳಮೈಯಲ್ಲೂ ಇದೆ. ಅದರ ತುಂಡುಗಳು ರಕ್ತದಲ್ಲಿ ಹೆಚ್ಚು ಸಿಕ್ಕರೆ ಖುಷಿಪಡುವಂತಿಲ್ಲ. ಗೋಡೆಯ ಮೇಲಿನ ಕಾವಲು ಕಿತ್ತು ಬಂದಿದೆ ಎಂದು ಅರ್ಥ.

ಇವೆಲ್ಲ ಅಣುಗಳ ಮಾತಾಯಿತು. ಇಡೀ ಕೋಶವೇ ಗೋಡೆಯಿಂದ ಕಳಚಿ ರಕ್ತದಲ್ಲಿ ತೇಲಿ ಬಂದರೆ? ಬರುತ್ತದೆ. ಅದನ್ನು ಹಿಡಿದವರು ಫ್ರಾನ್ಸಿನ ಮಾರ್ಸೇಯ ಸಂಶೋಧಕರು, 1999ರಲ್ಲಿ. ಅವರು ಮಾಡಿದ ಕೆಲಸದ ಕಷ್ಟ ತಿಳಿಯಬೇಕಾದರೆ ಒಂದು ಎಂ.ಎಲ್. ರಕ್ತದಲ್ಲಿ ಏನೇನಿದೆ ನೋಡಿ: ಸುಮಾರು 500 ಕೋಟಿ ಕೆಂಪು ಕಣ, 15ರಿಂದ 45 ಕೋಟಿ ತಟ್ಟೆಕಣ, 40 ಲಕ್ಷದಿಂದ ಒಂದು ಕೋಟಿಯವರೆಗೆ ಬಿಳಿ ಕಣ. ಇವುಗಳ ನಡುವೆ ಕಳಚಿ ಬಿದ್ದ ಹೊದಿಕೆಕೋಶವನ್ನು ಹುಡುಕಬೇಕು. ಅವರು ಆ ಕೋಶಕ್ಕೆ ಮಾತ್ರ ಅಂಟುವ ಪ್ರತಿಕಾಯವನ್ನು ಅತಿಸಣ್ಣ ಕಾಂತೀಯ ಮಣಿಗಳಿಗೆ ಲೇಪಿಸಿ ರಕ್ತದಲ್ಲಿ ಬಿಟ್ಟರು. ಆಮೇಲೆ ಪಕ್ಕದಲ್ಲಿ ಅಯಸ್ಕಾಂತ ಹಿಡಿದರು. ಮಣಿ ಅಂಟಿದ ಕೋಶಗಳು ಅಯಸ್ಕಾಂತದ ಬದಿಗೆ ಬಂದು ನಿಂತವು, ಉಳಿದದ್ದನ್ನು ತೊಳೆದು ಚೆಲ್ಲಿದರು. ಆಮೇಲೆ ಸೂಕ್ಷ್ಮದರ್ಶಕದಲ್ಲಿ, ಮಣಿಗಳನ್ನು ಮೈತುಂಬ ಹೊತ್ತು ಕೂತ ದೊಡ್ಡ ಕೋಶಗಳನ್ನು ಒಂದೊಂದಾಗಿ ಎಣಿಸಿದರು.

ಆರೋಗ್ಯವಂತರಲ್ಲಿ ಸಿಕ್ಕ ನಡುಮಟ್ಟದ ಎಣಿಕೆ ಸೊನ್ನೆ. ನಡೆದಾಗ ಮಾತ್ರ ಎದೆನೋವು ಬರುವ, ಹಳೆಯ ಬ್ಲಾಕ್ ಇರುವ ರೋಗಿಗಳಲ್ಲೂ ಸೊನ್ನೆ. ಹೃದಯಾಘಾತ ಆದವರಲ್ಲಿ ಎಂ.ಎಲ್.ಗೆ ಏಳೂವರೆ.

ಏಳೂವರೆ ಎಂದರೆ ನಗು ಬರುವಷ್ಟು ಸಣ್ಣ ಸಂಖ್ಯೆ. ಐದು ಲೀಟರ್ ರಕ್ತಕ್ಕೆ ಗುಣಿಸಿದರೆ 37,500 ಕೋಶಗಳು. ಅವನ್ನೆಲ್ಲ ಹರಡಿ ಪಕ್ಕಪಕ್ಕ ಜೋಡಿಸಿದರೆ ಹೆಚ್ಚೆಂದರೆ ಆರು ಮಿಲಿಮೀಟರ್ ಉದ್ದಗಲದ ಚೌಕ ತುಂಬೀತು. ದೇಹದ ಒಟ್ಟು ಹೊದಿಕೆಯಲ್ಲಿ ಒಂದು ಕೋಟಿ ಅರವತ್ತು ಲಕ್ಷ ಕೋಶಗಳಿಗೆ ಒಂದು. ಆದರೆ ನಾಳ ಮುಚ್ಚಿದ್ದೂ ಅಷ್ಟೇ ಜಾಗದಲ್ಲಿ ಅಲ್ಲವೇ? ಮೂರು ಮಿಲಿಮೀಟರ್ ಅಗಲದ ನಾಳದಲ್ಲಿ ಆರು ಮಿಲಿಮೀಟರ್ ಚೌಕದಷ್ಟು ಗೋಡೆ ಬತ್ತಲಾದರೆ ಅದು ಸಣ್ಣದಲ್ಲ. ತೇಲುತ್ತಿರುವುದು ಆ ಗಳಿಗೆಯಲ್ಲಿ ಸಿಕ್ಕಿದ್ದು ಮಾತ್ರ, ಅದಾಗಲೇ ಸೋಸಿ ಹೋದವು ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ: ರಕ್ತ ತೆಗೆಯಲು ಸೂಜಿ ಚುಚ್ಚಿದಾಗಲೂ ಚುಚ್ಚಿದ ಜಾಗದ ಹೊದಿಕೆಕೋಶಗಳು ಕಿತ್ತು ಬರುತ್ತವೆ. ಅದಕ್ಕೇ ಈ ಪರೀಕ್ಷೆಗೆ ಮೊದಲು ಬಂದ ರಕ್ತವನ್ನು ಬಿಟ್ಟು, ಆಮೇಲಿನದನ್ನು ತೆಗೆದುಕೊಳ್ಳುತ್ತಾರೆ. ಹುಡುಕುತ್ತಿರುವ ಗಾಯಕ್ಕೆ ಹುಡುಕುವ ಸೂಜಿಯ ಗಾಯ ಬೆರೆಯಬಾರದು ಎಂಬಷ್ಟು ನಾಜೂಕಿನ ಎಣಿಕೆ ಇದು.

ಇಷ್ಟೆಲ್ಲ ಹೇಳಿದ ಮೇಲೆ, ಕಲಬುರಗಿಯಲ್ಲಿ ಇಂಜೆಕ್ಷನ್ ತೆಗೆದುಕೊಂಡ ರೋಗಿಗೆ ಇವನ್ನೆಲ್ಲ ಮಾಡಿಸಬೇಕೇ ಎಂದು ಕೇಳಿದರೆ, ಬೇಡ. ಚಿಕಿತ್ಸೆಯ ಯಾವ ಮಾರ್ಗಸೂಚಿಯೂ ಇವನ್ನು ಕೇಳುವುದಿಲ್ಲ. ವಾನ್ ವಿಲ್ಲೆಬ್ರಾಂಡ್ ಜ್ವರಕ್ಕೂ ಏರುತ್ತದೆ, ಸೋಂಕಿಗೂ ಏರುತ್ತದೆ. ಪೆಟ್ಟು ಹೆಪ್ಪಿನಿಂದ ಆದದ್ದೋ, ರಕ್ತ ಮರಳಿ ನುಗ್ಗಿದ್ದರಿಂದ ಆದದ್ದೋ ಎಂದು ಒಂದೇ ಸಂಖ್ಯೆ ಬಿಡಿಸಿ ಹೇಳಲಾರದು. ಇಂಜೆಕ್ಷನ್ ಕೆಲಸ ಮಾಡಿತೇ ಎಂದು ತಿಳಿಯಲು ಇಂದಿಗೂ ನೋಡುವುದು ಒಂದರಿಂದ ಒಂದೂವರೆ ಗಂಟೆಗೆ ತೆಗೆದ ಇನ್ನೊಂದು ಈಸಿಜಿಯನ್ನು. ಮೇಲೆದ್ದ ಗೆರೆ ಅರ್ಧಕ್ಕಾದರೂ ಇಳಿದಿರಬೇಕು. ಇಳಿದಿರದಿದ್ದರೆ ಕೂಡಲೆ ಕ್ಯಾಥ್‌ಲ್ಯಾಬಿಗೆ. ಇಳಿದಿದ್ದರೂ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು. ಕಲ್ಯಾಣ ಕರ್ನಾಟಕದವರಿಗೆ ಇದಕ್ಕಾಗಿ ಹೈದರಾಬಾದ್, ಸೊಲ್ಲಾಪುರ, ಬೆಂಗಳೂರು ಹಿಡಿಯುವ ಕಾಲ ಇತ್ತು. 2024ರ ಡಿಸೆಂಬರಿನಲ್ಲಿ ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ ಉದ್ಘಾಟನೆಯಾಯಿತು. ಹಾಸಿಗೆ 371. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ ಕಲಮಿನ ಸಂಖ್ಯೆಯೂ ಅದೇ.

ಹಾಗಾದರೆ ಈ ಗುರುತುಗಳಿಂದ ಉಪಯೋಗ? ಇದೆ ಎಂದೇ ನಾನು ನಂಬಿದ್ದೇನೆ. ಇವು ಹೇಳಿದ್ದರಿಂದಲೇ ರಕ್ತನಾಳವನ್ನು ಬರೀ ಕೊಳವೆ ಎಂದು ನೋಡುವುದು ನಿಂತಿತು. ನಾಳ ತೆರೆದ ಮೇಲೂ ರಕ್ತ ತೆಳುಮಾಡುವ ಎರಡು ಗುಳಿಗೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ತಪ್ಪದೆ ತೆಗೆದುಕೊಳ್ಳಿ ಎಂದು ವೈದ್ಯರು ಒತ್ತಿ ಹೇಳುವುದರ ಹಿಂದೆ ಈ ಗೋಡೆಯ ಕಥೆಯೇ ಇದೆ. "ಈಗ ಆರಾಮ ಅದೀನ್ರಿ, ಗುಳಿಗಿ ಯಾಕ್ರಿ" ಎನ್ನುವವರಿಗೆ ನೋವಿಲ್ಲದಿರುವುದು ಗೊತ್ತು, ಗೋಡೆ ಮಾಯದಿರುವುದು ಗೊತ್ತಾಗುವುದಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಆ ಹೊದಿಕೆಗೆ ನೋಯುವ ನರವೇ ಇಲ್ಲ.

ಕೊನೆಗೆ ಬೇರೆ ಜಾತಿಯ ಸಂಖ್ಯೆಗಳು. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು ದೇಶದ 50 ನಗರಗಳ 89 ಆಸ್ಪತ್ರೆಗಳಿಂದ 20,468 ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಸರು ಕ್ರಿಯೇಟ್. ನೋವು ಶುರುವಾದಾಗಿನಿಂದ ಆಸ್ಪತ್ರೆ ಬಾಗಿಲಿಗೆ ಬರಲು ತಗುಲಿದ ನಡುಮಟ್ಟದ ಸಮಯ 360 ನಿಮಿಷ. ರೈಮರ್ ಮತ್ತು ಜೆನ್ನಿಂಗ್ಸ್ ಶೇ. 71 ಎಂದು ಬರೆದಿಟ್ಟ ಆರು ಗಂಟೆ ಅದು. ಒಳಗೆ ಬಂದ ಮೇಲೆ ಇಂಜೆಕ್ಷನ್ ಬೀಳಲು ಇನ್ನೂ 50 ನಿಮಿಷ. ಪೂರಾ ನಾಳ ಮುಚ್ಚಿದ ರೋಗಿಗಳಲ್ಲಿ ಹೆಪ್ಪು ಕರಗಿಸುವ ಔಷಧ ಸಿಕ್ಕಿದ್ದು ಶೇ. 58.5 ಜನರಿಗೆ, ಅದೂ ಬಹುಪಾಲು ಸ್ಟ್ರೆಪ್ಟೋಕೈನೇಸ್. ಬೊಯೆರ್ಸ್ಮಾ ಎಂಬವರು 1996ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೆಗೆದ ಲೆಕ್ಕ ಇದರ ಪಕ್ಕದಲ್ಲಿಟ್ಟು ಓದಬೇಕು. ಮೊದಲ ಗಂಟೆಯಲ್ಲಿ ಔಷಧ ಕೊಟ್ಟರೆ ಸಾವಿರಕ್ಕೆ 65 ಜೀವ ಉಳಿಯುತ್ತವೆ, ಎರಡನೇ ಗಂಟೆಯಲ್ಲಿ 37, ಆರು ದಾಟಿ ಹನ್ನೆರಡರೊಳಗೆ ಕೊಟ್ಟರೆ 18. ಇಷ್ಟಕ್ಕೂ ಈ ಔಷಧ ಎಲ್ಲರಿಗೂ ಕೊಡುವಂಥದ್ದಲ್ಲ. ನೂರರಲ್ಲಿ ಒಬ್ಬರ ಆಸುಪಾಸು ಮಿದುಳಿನಲ್ಲಿ ರಕ್ತ ಒಸರುತ್ತದೆ, ಹಾಗಾಗಿ ಈಸಿಜಿ ನೋಡಿ, ಹಿಂದಿನ ಪಾರ್ಶ್ವವಾಯು, ಆಪರೇಷನ್ ಎಲ್ಲ ಕೇಳಿಯೇ ಕೊಡಬೇಕು.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ಹೋದಾಗ ಅವರಿಗೆ 46. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಈಗ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಈಸಿಜಿ ತೆಗೆದು, ದೂರದ ತಜ್ಞರಿಗೆ ಆ ಕ್ಷಣವೇ ಕಳಿಸಿ, ಅವರು ಹೌದೆಂದರೆ ಟೆನೆಕ್ಟೆಪ್ಲೇಸನ್ನು ಪುಕ್ಕಟೆ ಕೊಡುವ ಏರ್ಪಾಡು ಮಾಡಿದ್ದಾರೆ. ಹೊರಗೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಆ ದುಡ್ಡು ಹೊಂದಿಸುವ ಹೊತ್ತಿಗೆ ಎಷ್ಟು ಕೋಟಿ ಕೋಶ ಎಂಬ ಲೆಕ್ಕ ಮೇಲೆಯೇ ಇದೆ.

ಕ್ರಿಯೇಟ್ ವರದಿಯಲ್ಲಿ ಇನ್ನೊಂದು ಸಾಲಿದೆ, ನನ್ನ ಮಟ್ಟಿಗೆ ಈ ಎಲ್ಲ ಸಂಖ್ಯೆಗಳಲ್ಲಿ ಅದೇ ದೊಡ್ಡದು. ಮೂವತ್ತು ದಿನದೊಳಗೆ ತೀರಿಕೊಂಡವರು ಶ್ರೀಮಂತರಲ್ಲಿ ಶೇ. 5.5, ಬಡವರಲ್ಲಿ ಶೇ. 8.2. ಸಾವಿರಕ್ಕೆ 27 ಜನ ಹೆಚ್ಚು. ಬಡವರ ಮೈಯಲ್ಲೇ ಏನೋ ವ್ಯತ್ಯಾಸ ಇರಬಹುದೆಂದು ಸಂಶೋಧಕರು ಬೀಡಿ-ಸಿಗರೇಟು, ಸಕ್ಕರೆ ಕಾಯಿಲೆ, ಬಿ.ಪಿ. ಮುಂತಾದ ಅಪಾಯಗಳನ್ನೆಲ್ಲ ಸರಿದೂಗಿಸಿ ನೋಡಿದರು. ಅಂತರ ಹಾಗೇ ಉಳಿಯಿತು. ಸಿಕ್ಕ ಚಿಕಿತ್ಸೆಯನ್ನು ಸರಿದೂಗಿಸಿದಾಗ ಅಂತರ ಇಲ್ಲವಾಯಿತು.